ಹೊಸ ಮನೆಯಲ್ಲಿ ಮರಗೆಲಸದ ಜಾಗ: ಮೊದಲು ಬೆಂಚು, ಆಮೇಲೆ ಮಷೀನು

ಮನೆ ಬದಲಾಯಿಸಿದ ವಾರದಲ್ಲೇ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸದ ಮಷೀನು) ಎಲ್ಲಿಡಲಿ ಅಂತ ಕೇಳುವವರು ತುಂಬಾ ಜನ. ಸದ್ಯಕ್ಕೆ ಎಲ್ಲೂ ಇಡಬೇಡಿ ಅನ್ನುತ್ತೇನೆ ನಾನು. ಪ್ಯಾಕ್ ಮಾಡಿದ ಹಾಗೇ ಒಂದು ಮೂಲೆಯಲ್ಲಿ ಇರಲಿ. ಮೊದಲು ಒಂದು ಬೆಂಚು, ಒಂದು ಒಳ್ಳೆ ಲೈಟು, ಒಂದು ಗಟ್ಟಿ ಪವರ್ ಪಾಯಿಂಟು ಮಾಡಿಕೊಳ್ಳಿ. ಕೈ ಉಳಿ, ಕೈ ಗರಗಸದಲ್ಲೇ ಸಣ್ಣಪುಟ್ಟ ಕೆಲಸ ಮಾಡುತ್ತಾ ಇರಿ. ಮಳೆ ಎರಚಲು ಯಾವ ಕಡೆಯಿಂದ ಬರುತ್ತದೆ, ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತದೆ, ಪಕ್ಕದ ಮನೆಯ ಅಜ್ಜಿ ಎಷ್ಟು ಗಂಟೆಗೆ ಮಲಗುತ್ತಾರೆ, ಇವೆಲ್ಲ ಗೊತ್ತಾಗುವ ಹೊತ್ತಿಗೆ ಮಷೀನಿನ ಜಾಗ ತಾನಾಗೇ ಗೊತ್ತಾಗುತ್ತದೆ. ನಾನು ಈ ಊರಲ್ಲಿ ಎಷ್ಟೋ ಬಾಡಿಗೆ ಮನೆ ನೋಡಿದ್ದೇನೆ, ಉಳಿ ಪೆಟ್ಟಿಗೆ ಎಲ್ಲಾ ಮನೆಗೂ ಜೊತೆಗೇ ಬಂದಿದೆ, ಪ್ರತಿ ಸಲವೂ ಇದೇ ಕ್ರಮ.

ಬೆಂಗಳೂರಿನ 30x40 ಸೈಟಿನ ಮನೆಯಲ್ಲಿ ಜಾಗ ಅಂದರೆ ಮೂರೇ. ಕಾರ್ ಶೆಡ್ಡು, ಟೆರೇಸ್ ಮೇಲಿನ ಶೀಟ್ ರೂಮು, ಇಲ್ಲ ಬಾಲ್ಕನಿ. ನನ್ನ ಓಟು ಕಾರ್ ಶೆಡ್ಡಿಗೆ, ಕಾರು ರಾತ್ರಿ ಮಾತ್ರ ನಿಲ್ಲುವ ಮನೆಯಾದರೂ ಸರಿ. ಶೀಟ್ ರೂಮು ನೋಡೋಕೆ ಚೆನ್ನಾಗಿರುತ್ತದೆ, ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಳಗೆ ನಿಲ್ಲೋಕೆ ಆಗಲ್ಲ, ಜೊತೆಗೆ 8x4 ಅಡಿಯ 18 ಎಂ.ಎಂ. ಪ್ಲೈವುಡ್ ಶೀಟು ಒಂದೊಂದೂ 30 ಕೆ.ಜಿ. ಆಸುಪಾಸು ತೂಗುತ್ತದೆ, ಅದನ್ನು ಸುತ್ತು ಮೆಟ್ಟಿಲಲ್ಲಿ ಹತ್ತಿಸುವ ಕಷ್ಟ ಹತ್ತಿಸಿದವರಿಗೇ ಗೊತ್ತು. ಬಾಲ್ಕನಿ ಕೈ ಕೆಲಸಕ್ಕೆ ಸಾಕು. ಅಪಾರ್ಟ್‌ಮೆಂಟಿನವರು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ನೆಲ ತೇವ ಹಿಡಿಯುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಮಾರನೇ ದಿನ ಅಡಿಯಲ್ಲಿ ನೀರಿನ ಹನಿ ಕಂಡರೆ ಆ ನೆಲ ನೀರು ಉಸಿರಾಡುತ್ತಿದೆ ಅಂತ. ಅಲ್ಲಿ ಮರವನ್ನಾಗಲಿ ಪ್ಲೈವುಡ್ಡನ್ನಾಗಲಿ ನೆಲಕ್ಕೆ ತಾಗಿಸಿ ಇಡಲೇಬೇಡಿ. ಅರ್ಧ ಅಡಿಯಾದರೂ ಎತ್ತರದಲ್ಲಿ, ಗೋಡೆಯಿಂದ ಸ್ವಲ್ಪ ದೂರ ಇಡಿ. ಗೆದ್ದಲು ಬಂದರೆ ಗೋಡೆಯ ಮೇಲೆ ಮಣ್ಣಿನ ಗೆರೆ ಕಾಣಿಸುತ್ತದೆ, ಆ ಸಂದು ಇದ್ದರೆ ಕಣ್ಣಿಗೆ ಬೇಗ ಬೀಳುತ್ತದೆ.

ಈಗ ಕರೆಂಟು. ಇದರಲ್ಲಿ ಮಾತ್ರ ಕಾಸು ಉಳಿಸೋಕೆ ಹೋಗಬೇಡಿ. 2000 ವ್ಯಾಟಿನ ಗರಗಸ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಫೋನ್ ಚಾರ್ಜ್ ಮಾಡುವ 6 ಆಂಪಿಯರ್ ಪಾಯಿಂಟಿಗೆ ಅದನ್ನು ಸಿಕ್ಕಿಸಿದರೆ ಪ್ಲಗ್ಗು ಕರಗಬಹುದು. ಎಲೆಕ್ಟ್ರಿಷಿಯನ್ ಕರೆಸಿ ಬೋರ್ಡಿನಿಂದಲೇ 4 ಚದರ ಎಂ.ಎಂ. ತಾಮ್ರದ ವೈರಿನ ಬೇರೆ ಲೈನು ಎಳೆಸಿ, 16 ಆಂಪಿಯರ್ ಸಾಕೆಟ್ಟು, ಅದಕ್ಕೇ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗೇ ಬೀಳುವ ಸ್ವಿಚ್ಚು), ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಹಾಕಿಸಿ. ಅರ್ಥಿಂಗ್ ಇದೆಯಾ ಅಂತ ಮೀಟರ್ ಹಿಡಿದು ಪರೀಕ್ಷೆ ಮಾಡಿಸಿ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ಟು ಇರುತ್ತದೆ, ಮೂರನೇ ವೈರೇ ಇರಲ್ಲ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತದೆ, ಅದನ್ನೂ ಒಮ್ಮೆ ನೋಡಿ. ಗೀಸರ್, ಇಸ್ತ್ರಿಪೆಟ್ಟಿಗೆ, ಗರಗಸ ಎಲ್ಲಾ ಒಟ್ಟಿಗೆ ಓಡಿದರೆ ಅದನ್ನು ದಾಟಬಹುದು.

ನಮ್ಮೂರಿಗೆ ಬಹಳ ಮುಖ್ಯವಾದ ಮಾತು ಒಂದಿದೆ. ಮಳೆ ಗಾಳಿಗೆ ಇಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಲೇ ಇರುತ್ತದೆ, ಅಲ್ವಾ? ಗರಗಸ ಓಡುತ್ತಿರುವಾಗ ಕರೆಂಟ್ ಹೋಯಿತು ಅಂತಿಟ್ಟುಕೊಳ್ಳಿ. ನೀವು ಸ್ವಿಚ್ ಆನ್ ಇದ್ದ ಹಾಗೇ ಬಿಟ್ಟು, ಬಗ್ಗಿ ಬ್ಲೇಡಿನ ಹತ್ತಿರ ಪುಡಿ ಗುಡಿಸುತ್ತಿದ್ದೀರಿ. ಆಗ ಕರೆಂಟ್ ಬಂದರೆ? ಬ್ಲೇಡು ತಾನಾಗೇ ತಿರುಗುತ್ತದೆ. ಅದಕ್ಕೇ ನೋ-ವೋಲ್ಟ್ ಸ್ವಿಚ್ ಅಂತ ಒಂದು ಬರುತ್ತದೆ. ಕರೆಂಟ್ ಹೋದರೆ ಅದು ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಗುಂಡಿ ಒತ್ತುವ ತನಕ ಮಷೀನು ಓಡಲ್ಲ. ಎಸ್.ಪಿ. ರೋಡಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿ. ಅದು ಹಾಕುವ ತನಕ, ಕರೆಂಟ್ ಹೋದ ತಕ್ಷಣ ಪ್ಲಗ್ಗು ಕಿತ್ತಿಡಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.

ಬೆಂಚಿಗೆ ಬರೋಣ. ನಮ್ಮ ಹಳೇ ಬಡಗಿಗಳು ನೆಲದ ಮೇಲೆ ಕೂತು, ಕಾಲಲ್ಲಿ ಹಲಗೆ ಒತ್ತಿ ಹಿಡಿದು, ಯಾವ ಬೆಂಚೂ ಇಲ್ಲದೆ ಅದ್ಭುತ ಕೆಲಸ ಮಾಡುತ್ತಿದ್ದರು. ಆ ಅಭ್ಯಾಸ ಇಲ್ಲದವರ ಸೊಂಟಕ್ಕೆ ಬೆಂಚೇ ಬೇಕು. ಎತ್ತರ ಹೀಗೆ ತಗೊಳ್ಳಿ: ನೆಟ್ಟಗೆ ನಿಂತು ಕೈ ಇಳಿಬಿಡಿ, ಮಣಿಕಟ್ಟಿನ ಗೆರೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟು. ಐದೂವರೆ ಅಡಿಯವರಿಗೆ 32 ಇಂಚು ಆಚೀಚೆ ಬರುತ್ತದೆ. ಅಡುಗೆಮನೆ ಕಟ್ಟೆಯ ಎತ್ತರಕ್ಕೆ ಮಾಡಿಸಿಕೊಂಡರೆ ಉಜ್ಜುಗೊರಡು ಹೊಡೆಯುವಾಗ ಭುಜ ನೋಯುತ್ತದೆ. ಮೇಲ್ಹಲಗೆಗೆ 18 ಎಂ.ಎಂ. ಪ್ಲೈವುಡ್ಡು ಎರಡು ಪದರ ಅಂಟಿಸಿದರೆ ಸಾಕು. ಕಾಲಿಗೆ ಸಿಲ್ವರ್ ಓಕ್ ತಗೊಳ್ಳಿ. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಮರ ಅದು, ಕೊಡಗು, ಚಿಕ್ಕಮಗಳೂರು ಕಡೆಯಿಂದ ಬರುತ್ತದೆ, ತೇಗಕ್ಕಿಂತ ಎಷ್ಟೋ ಅಗ್ಗ. ಕಾರ್ ಶೆಡ್ಡಿನ ನೆಲ ನೀರು ಹೋಗಲಿ ಅಂತ ಗೇಟಿನ ಕಡೆ ಇಳಿಜಾರಾಗಿ ಇರುತ್ತದೆ, ಅದನ್ನು ಮರೆಯಬೇಡಿ. ಬೆಂಚು ಅಲ್ಲೇ ನಿಲ್ಲಿಸಿ, ರಸಮಟ್ಟ ಇಟ್ಟು, ಕಾಲಿನ ಅಡಿ ಬೆಣೆ ಕೊಟ್ಟು, ಆಮೇಲೆ ಬೆಣೆ ಇಲ್ಲದ ಕಾಲುಗಳನ್ನು ಅಷ್ಟಷ್ಟೇ ಕೊಯ್ದು ಸರಿ ಮಾಡಿ.

ಲೈಟು ತಲೆಯ ಮೇಲೆ ಒಂದಿದ್ದರೆ ಸಾಲದು. ಬೆಂಚಿನ ಪಕ್ಕದಿಂದ ಓರೆಯಾಗಿ ಬೀಳುವ ಹಾಗೆ ಒಂದು ಎಲ್ಇಡಿ ದೀಪ ಬೇಕೇ ಬೇಕು. ಮೇಲಿನ ದೀಪದಲ್ಲಿ ನುಣ್ಣಗೆ ಕಾಣುವ ಹಲಗೆ, ಓರೆ ಬೆಳಕಿಗೆ ಹಿಡಿದರೆ ಉಳಿ ಕಚ್ಚಿದ ಗುರುತು, ಅಂಟು ಹರಿದ ಕಲೆ ಎಲ್ಲವನ್ನೂ ತೋರಿಸಿಬಿಡುತ್ತದೆ. ಪಾಲಿಶ್ ಹಚ್ಚಿದ ಮೇಲೆ ನೋಡುವುದಕ್ಕಿಂತ ಮೊದಲೇ ನೋಡಿದರೆ ಒಳ್ಳೆಯದಲ್ವಾ.

ಮರ ತರೋಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಒಂದು ಬೆಳಗ್ಗೆ ಸುಮ್ನೆ ಹೋಗಿ ಬನ್ನಿ. ಲೆಕ್ಕ ಘನ ಅಡಿಯಲ್ಲಿ. ಉದ್ದ ಅಡಿಯಲ್ಲಿ, ಅಗಲ ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿ. 7 ಅಡಿ ಉದ್ದ, 6 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಅಂದರೆ 63ನ್ನು 144ರಿಂದ ಭಾಗಿಸಿ, 0.44 ಘನ ಅಡಿ ಹತ್ತಿರ. ಈ ಲೆಕ್ಕ ಬಾಯಲ್ಲಿದ್ದರೆ ಅಂಗಡಿಯವನೂ ಮರ್ಯಾದೆಯಿಂದ ಮಾತಾಡುತ್ತಾನೆ. ನನಗೆ ಇಷ್ಟ ಆಗುವುದು ಹಳೇ ಮನೆ ಕೆಡವಿದಾಗ ಸಿಗುವ ತೇಗದ ಜಂತೆ, ಬಾಗಿಲ ಚೌಕಟ್ಟು. ಎಷ್ಟೋ ವರ್ಷ ಒಣಗಿದ ಮರ ಅದು, ಇನ್ನು ಜಾಸ್ತಿ ಕುಣಿಯಲ್ಲ. ಕೊಯ್ಯುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ, ಒಂದು ಮೊಳೆ ಸಿಕ್ಕರೆ ಬ್ಲೇಡೇ ಹೋಯಿತು. ಇದು ತೇಗವೋ ಬೇರೇನೋ ಅಂತ ಅನುಮಾನ ಇದ್ದರೆ ಮಲ್ಲೇಶ್ವರ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟರೆ ಜಾತಿ ಪರೀಕ್ಷೆ ಮಾಡಿ ಹೇಳುತ್ತಾರೆ.

ತಂದ ಮರವನ್ನು ತಕ್ಷಣ ಕೊಯ್ಯಬೇಡಿ. ಮಧ್ಯೆ ಮಧ್ಯೆ ಪಟ್ಟಿ ಕೊಟ್ಟು ಪೇರಿಸಿ, ತಲೆ ಕಡೆ ದಿನಾಂಕ ಬರೆದು, ಎರಡು ಮೂರು ವಾರ ಆ ಮನೆಯ ಗಾಳಿ ಕುಡಿಯಲಿ. ಫೆಬ್ರವರಿಯಿಂದ ಏಪ್ರಿಲ್ ತನಕ ಬೆಂಗಳೂರಿನ ಗಾಳಿ ಒಣ, ಆಗಸ್ಟಿನಿಂದ ಅಕ್ಟೋಬರ್ ತೇವ. ಒಂದಡಿ ಅಗಲದ ಹಲಗೆ ಈ ನಡುವೆ ಎರಡು ಮೂರು ಮಿ.ಮೀ. ಹಿಗ್ಗಿ ಕುಗ್ಗಬಹುದು, ಅದೂ ಅಗಲಕ್ಕೆ ಮಾತ್ರ, ಉದ್ದಕ್ಕೆ ಲೆಕ್ಕಕ್ಕೇ ಬರಲ್ಲ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರ್ ಗಣೇಶನ ಹಬ್ಬಕ್ಕೆ ಎಳೆದರೂ ಬರದೇ ಇರುವುದು ಇದಕ್ಕೇ.

ಸದ್ದಿನ ವಿಷಯ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಗರಗಸದ ಸದ್ದು ಹತ್ತಿರದಲ್ಲಿ 100ರ ಆಸುಪಾಸು. ಎರಡು ಮನೆ ಮಧ್ಯೆ ಮೂರಡಿ ಸಂದಿ ಇರುವ ಬೀದಿಯಲ್ಲಿ ನಿಯಮದ ಪುಸ್ತಕ ತೆಗೆಯುವ ಮೊದಲೇ ಪಕ್ಕದವರ ಮನೆಗೆ ಹೋಗಿ ಹೇಳಿ ಬನ್ನಿ. ಮಷೀನು ಬೆಳಗ್ಗೆ 10ರಿಂದ ಒಂದರ ತನಕ, ಉಳಿದ ಹೊತ್ತು ಕೈ ಕೆಲಸ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಮಷೀನು ಪೂರ್ತಿ ಬಂದ್. ಪಕ್ಕದವರ ಮನೆಯ ಅಲ್ಲಾಡುವ ಸ್ಟೂಲು ಒಂದನ್ನು ರಿಪೇರಿ ಮಾಡಿಕೊಡಿ. ನಿಮ್ಮ ಕಿವಿಗೆ ಇಯರ್ ಮಫ್ ಹಾಕಿಕೊಳ್ಳಿ, ಹೋದ ಕಿವಿ ವಾಪಸ್ ಬರಲ್ಲ.

ಪುಡಿ ಸದ್ದಿಗಿಂತ ಕೆಟ್ಟದ್ದು. ಕಣ್ಣಿಗೆ ಕಾಣುವ ಹೊಟ್ಟು ಗುಡಿಸಿದರೆ ಹೋಗುತ್ತದೆ, ಕಾಣದ ನವಿರು ಧೂಳು ಗಂಟೆಗಟ್ಟಲೆ ಗಾಳಿಯಲ್ಲಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಪಟ್ಟಿ ಮಾಡಿದೆ. ಕರ್ಚೀಫು ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು. ಸ್ಯಾಂಡಿಂಗ್ ಮಷೀನಿಗೆ ವ್ಯಾಕ್ಯೂಮ್ ಜೋಡಿಸಿ. ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಮಾಸ್ಕ್ ತೆಗೆಯಬೇಡಿ. ಮಷೀನಿನ ಮುಂದೆ ಪಂಚೆ, ತುಂಬು ತೋಳಿನ ಅಂಗಿ, ಉಂಗುರ, ಕೈಗವಸು ಯಾವುದೂ ಬೇಡ. ಗವಸು ಕೈ ಕಾಯುತ್ತದೆ ಅಂತ ಅನಿಸುತ್ತದೆ, ತಿರುಗುವ ಬ್ಲೇಡು ಗವಸು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಮಳೆಗಾಲಕ್ಕೆ ಉಳಿಗಳನ್ನು ಹೊಲಿಗೆ ಮಷೀನಿನ ಎಣ್ಣೆ ಸವರಿ, ಮುಚ್ಚಳ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಷೀನಿನ ಕಬ್ಬಿಣದ ಮೇಜಿಗೆ ಮೇಣ ತಿಕ್ಕಿ.

ಕೊನೆಗೆ ಬಟ್ಟೆ ಚೂರು. ಅಗಸೆ ಎಣ್ಣೆ ಹಚ್ಚಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಅದು ಬೆಂಕಿ ಕಡ್ಡಿ ಗೀರದೇ ಹತ್ತಿಕೊಳ್ಳಬಹುದು, ಪಕ್ಕದಲ್ಲಿ ಹೊಟ್ಟು ಬೇರೆ ಇರುತ್ತದೆ. ಆ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಒಣಹಾಕಿ, ಇಲ್ಲ ನೀರು ತುಂಬಿದ ಡಬ್ಬದಲ್ಲಿ ಅದ್ದಿಡಿ. ಗಟ್ಟಿ ಮರದ ಹೊಟ್ಟನ್ನು ಅಡುಗೆಮನೆ ಕಸದ ಜೊತೆ ಗೊಬ್ಬರದ ಡ್ರಮ್ಮಿಗೆ ಹಾಕಬಹುದು. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಪುಡಿಯಲ್ಲಿ ಅಂಟು ಇರುತ್ತದೆ, ಅದನ್ನು ಗಿಡದ ಬುಡಕ್ಕೆ ಹಾಕಬೇಡಿ, ಬೇರೆ ಚೀಲದಲ್ಲಿ ಕಟ್ಟಿ ಒಣ ಕಸಕ್ಕೆ ಕೊಡಿ.