ನನ್ನ ಬ್ಲಾವ್ ನಕ್ಷೆಯ ವಯಸ್ಸು ಪತ್ತೆ ಮಾಡಿದ್ದು

ಹದಿನೇಳನೇ ಶತಮಾನದ ಡಚ್ ನಕ್ಷೆಕಾರ ವಿಲೆಮ್ ಬ್ಲಾವ್ ಅವರ ಪ್ರಪಂಚದ ನಕ್ಷೆ ಎದುರಿಗಿದ್ದರೆ ಕಣ್ಣು ಮೊದಲು ಹೋಗುವುದು ಅಂಚಿಗೆ. ಮೇಲೆ ಸೂರ್ಯ, ಚಂದ್ರ, ಐದು ಗ್ರಹಗಳು. ಎಡಕ್ಕೆ ಬೆಂಕಿ, ಗಾಳಿ, ನೀರು, ಭೂಮಿ. ಬಲಕ್ಕೆ ನಾಲ್ಕು ಋತುಗಳು. ಕೆಳಗೆ ಪ್ರಾಚೀನ ಕಾಲದ ಏಳು ಅದ್ಭುತಗಳು. ನಾನು ಕೊಂಡಿದ್ದೂ ಈ ಚಿತ್ರಗಳಿಗೆ ಮನಸೋತೇ. ಆದರೆ ನನ್ನ ಹಾಳೆ ಯಾವ ಕಾಲದ್ದು ಅಂತ ತಿಳಿಯಲು ಅವು ಸಾಲಲಿಲ್ಲ. ಯೋಸುವಾ ವಾನ್ ಡೆನ್ ಎಂಡೆ ಇದನ್ನು ತಾಮ್ರದ ತಗಡಿನಲ್ಲಿ ಕೊರೆದಿದ್ದು 1606ರ ಸುಮಾರಿಗೆ. ಆಮೇಲೆ ದಶಕಗಟ್ಟಲೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದೇ ತಗಡಿನಿಂದ ಅಚ್ಚು ಹಾಕಿದರು. ಮೊದಲು ಬಿಡಿ ಹಾಳೆ, 1630ರಿಂದ ಅಟ್ಲಾಸ್‌ನ ಒಳಗೆ.

ಹಾಗಾಗಿ ಹೆಸರಿನಿಂದ ಶುರು ಮಾಡಿದೆ. ಆರಂಭದ ಪ್ರತಿಗಳಲ್ಲಿ ವಿಲೆಮ್ ಹೆಸರು ಯಾನ್ಸೋನಿಯಸ್ ಅಂತ ಇರುತ್ತದೆ. ಅದೇ ಊರಲ್ಲಿ ಯೊಹಾನೆಸ್ ಯಾನ್ಸೋನಿಯಸ್ ಎಂಬ ಪೈಪೋಟಿಗಾರ ಇದ್ದ. ಜನಕ್ಕೆ ಗೊಂದಲ ಆಗುತ್ತದೆ, ಅಲ್ವಾ? 1621ರ ಸುಮಾರಿಗೆ ವಿಲೆಮ್ ‘ಬ್ಲಾವ್’ ಅಂತ ಸೇರಿಸಿಕೊಂಡರು. ತಗಡಿನಲ್ಲೂ ಹಳೆಯ ಅಕ್ಷರ ಉಜ್ಜಿ, ಹೊಸದು ಕೊರೆಸಿದರು. ಭೂತಗನ್ನಡಿ ಹಿಡಿದು ನೋಡಿದರೆ ನನ್ನದರಲ್ಲಿ ಬ್ಲಾವ್ ಅಂತಲೇ ಇದೆ. ಅಂದರೆ ಮೊದಮೊದಲ ಪ್ರತಿಯಲ್ಲ.

ಆಮೇಲೆ ಹಾಳೆ ಮಗುಚಿದೆ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಈ ಹಿಂಬದಿಯೇ. ಅಟ್ಲಾಸ್ ಲ್ಯಾಟಿನ್, ಡಚ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಬರುತ್ತಿತ್ತು. ನಕ್ಷೆ ಒಂದೇ, ಬೆನ್ನಿನ ಬರಹ ಬೇರೆ ಬೇರೆ. ನನ್ನದು ಫ್ರೆಂಚ್. ಪುಟದ ಬುಡದಲ್ಲಿ ಬೈಂಡಿಂಗ್ ಮಾಡುವವರಿಗೆಂದು ಹಾಕಿದ ಸಣ್ಣ ಗುರುತು ಇತ್ತು. ಆ ಗುರುತು, ಸಾಲು ಎಲ್ಲಿ ಮುರಿಯುತ್ತದೆ, ದೊಡ್ಡ ಮೊದಲಕ್ಷರದ ಅಲಂಕಾರ ಹೇಗಿದೆ, ಇಷ್ಟನ್ನೂ ಗ್ರಂಥಾಲಯಗಳು ಸ್ಕ್ಯಾನ್ ಮಾಡಿಟ್ಟ ಅಟ್ಲಾಸ್‌ಗಳ ಜೊತೆ ಇಟ್ಟು ನೋಡಿದೆ. 1640ರ ದಶಕದ ಒಂದು ಆವೃತ್ತಿಗೆ ಸರಿಯಾಗಿ ಕೂತಿತು. ವಿಲೆಮ್ 1638ರಲ್ಲೇ ತೀರಿಕೊಂಡಿದ್ದರು. ನನ್ನ ಹಾಳೆ ಅಚ್ಚಾಗಿದ್ದು ಮಗ ಯೋವಾನ್ ಕಾಲದಲ್ಲಿ, ಅಪ್ಪನ ತಗಡಿನಿಂದ! ಯೋವಾನ್ 1662ರ ದೊಡ್ಡ ಅಟ್ಲಾಸ್‌ಗೆ ಈ ನಕ್ಷೆಯ ಬದಲು ಎರಡು ಗೋಳಾರ್ಧದ ಹೊಸ ನಕ್ಷೆ ಹಾಕಿದರು. 1672ರಲ್ಲಿ ಅವರ ಅಚ್ಚುಕೂಟಕ್ಕೇ ಬೆಂಕಿ ಬಿತ್ತು.

ಬಣ್ಣವನ್ನೂ ಹಿಂದಿನಿಂದಲೇ ನೋಡಿದೆ. ಹಳೆಯ ಹಸಿರಿನಲ್ಲಿ ತಾಮ್ರ ಇರುತ್ತದೆ, ಅದು ನಿಧಾನಕ್ಕೆ ಕಾಗದವನ್ನು ತಿನ್ನುತ್ತದೆ. ಹಸಿರು ಗೆರೆ ಹೋದ ಕಡೆಯೆಲ್ಲ ಬೆನ್ನಲ್ಲಿ ಕಂದು ಗೆರೆ ಮೂಡಿತ್ತು. ಬಣ್ಣ ಹಳೆಯದು ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು. ಆ ಜಾಗದಲ್ಲಿ ಕಾಗದ ಬೇಗ ಬಿರಿಯುತ್ತದೆ, ಅದಕ್ಕೇ ಮಡಚಲು ಬಿಡುವುದಿಲ್ಲ.

ಈಗ ಯಾವ ಹಳೆಯ ನಕ್ಷೆ ಕೊಳ್ಳುವುದಿದ್ದರೂ ಮೊದಲು ಹಿಂಬದಿಯ ಫೋಟೊ ಕೇಳುತ್ತೇನೆ. ಬೆನ್ನಿಗೆ ರಟ್ಟು ಅಂಟಿಸಿದ್ದರೆ, ಮುಂದೆ ಎಷ್ಟೇ ಚೆಂದ ಇದ್ದರೂ ಬೇಡ ಅನ್ನುತ್ತೇನೆ.