ಮನೆಗೆ ಕಳ್ಳ ನುಗ್ಗಿದ್ದಾನಾ? ಮೊದಲು ಪೊರಕೆ ಕೆಳಗಿಡಿ

ಊರಿಂದ ಬಂದು ನೋಡಿದರೆ ಬೀಗ ಮುರಿದಿದೆ. ಬೀರು ಬಾಯಿ ತೆರೆದುಕೊಂಡಿದೆ. ಆಗ ಎಲ್ಲರೂ ಮಾಡುವುದು ಒಂದೇ, ಒಳಗೆ ಓಡಿ ಒಡವೆ ಡಬ್ಬಿ ತಡಕಾಡುವುದು, ಅಲ್ವಾ? ಅಷ್ಟರಲ್ಲಿ ಅಕ್ಕಪಕ್ಕದವರೂ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು, ಯಾರೋ ಒಬ್ಬರು ಪಾಪ ಸಹಾಯ ಮಾಡೋಣ ಅಂತ ಗಾಜಿನ ಚೂರು ಗುಡಿಸಿಯೂ ಬಿಟ್ಟಿರುತ್ತಾರೆ. ಸಾಕ್ಷಿ ಕಳೆಯುವುದು ಹೀಗೆ.

ಹೊರಗೇ ನಿಂತು 112ಕ್ಕೆ ಫೋನ್ ಮಾಡಿ. ಕಳ್ಳ ಇನ್ನೂ ಒಳಗೇ ಇದ್ದರೆ?

ಬೀರು, ಸ್ಟೀಲ್ ಡಬ್ಬಿ, ಕಿಟಕಿ ಗಾಜು ಮುಟ್ಟಬೇಡಿ. ಇಂಥ ನುಣುಪಾದ ಕಡೆ ಪುಡಿ ಸವರಿ, ಬೆರಳಚ್ಚನ್ನು ಟೇಪಿನಲ್ಲಿ ಎತ್ತುತ್ತಾರೆ. ಕಾಗದಕ್ಕೆ ನಿನ್‌ಹೈಡ್ರಿನ್ ಅನ್ನುವ ರಾಸಾಯನಿಕ ಹಾಕಿದರೆ ಬೆವರಿನ ಗುರುತು ನೇರಳೆಯಾಗಿ ಮೂಡುತ್ತದೆ. ಪ್ಲಾಸ್ಟಿಕ್ಕಿಗೆ ಫೆವಿಕ್ವಿಕ್ ಥರದ ಅಂಟಿನ ಹಬೆ ಕೊಡುತ್ತಾರೆ. ಮನೆಯವರ ಬೆರಳಚ್ಚನ್ನೂ ಕೇಳಬಹುದು, ನಮ್ಮ ಮೇಲೇ ಅನುಮಾನವಾ ಅಂತ ಬೇಜಾರಾಗಬೇಡಿ. ನಿಮ್ಮದನ್ನು ಕಳೆದರೆ ತಾನೇ ಹೊರಗಿನವನದ್ದು ಉಳಿಯುವುದು.

ನನ್ನ ಪ್ರಕಾರ ಜನ ಗಮನಿಸದೇ ಹಾಳುಮಾಡುವುದು ಬಾಗಿಲ ಚೌಕಟ್ಟನ್ನು. ಕಳ್ಳ ಮೀಟಿದ ರಾಡಿನ ತುದಿಯಲ್ಲಿ ಒಂದು ಸಣ್ಣ ಮುಕ್ಕು ಇದ್ದರೂ ಅದರ ಗೆರೆ ಮರದ ಮೇಲೆ ಕೂತಿರುತ್ತದೆ, ಮುಂದೆ ರಾಡ್ ಸಿಕ್ಕರೆ ಎರಡು ಗುರುತನ್ನೂ ಕಂಪ್ಯಾರಿಸನ್ ಮೈಕ್ರೋಸ್ಕೋಪಿನಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಸುಮ್ನೆ ಸ್ಕ್ರೂಡ್ರೈವರ್ ತಂದು 'ಇದರಲ್ಲೇ ಮೀಟಿರಬೇಕು' ಅಂತ ಆ ಗುರುತಿಗೆ ತೂರಿಸಿ ನೋಡಬೇಡಿ. ಬಡಗಿಯೂ ಆಮೇಲೆ ಬರಲಿ.

ಗಾಜು ಒಡೆದಾಗ ಸಣ್ಣ ಚೂರುಗಳು ಒಡೆದವನ ಕಡೆಗೂ ಸಿಡಿದು ಅಂಗಿಗೆ ಅಂಟಬಹುದು. ಗಾಜಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಅಂತ ಅಳೆದು ನಿಮ್ಮ ಕಿಟಕಿಯದ್ದರ ಜೊತೆ ಹೋಲಿಸುತ್ತಾರೆ. ಹೊಂದಿದರೂ 'ಇದೇ ಕಿಟಕಿಯದ್ದಿರಬಹುದು' ಅನ್ನಬಹುದು, ಅದಕ್ಕಿಂತ ಜಾಸ್ತಿ ಅಲ್ಲ.

ಕಳ್ಳ ಕೈ ಕೊಯ್ದುಕೊಂಡು ಯಾವುದಾದರೂ ಬಟ್ಟೆ ಮೇಲೆ ರಕ್ತ ಬಿದ್ದಿದ್ದರೆ ಅದರಿಂದ ಡಿಎನ್‌ಎ ಸಿಗುತ್ತದೆ. ಆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ಮಾತ್ರ ತುಂಬಬೇಡಿ, ತೇವ ನಿಂತು ಬೂಷ್ಟು ಹಿಡಿದರೆ ಡಿಎನ್‌ಎ ಕೆಡುತ್ತದೆ. ಪೊಲೀಸರು ಒಣಗಿಸಿ ಕಾಗದದ ಕವರಿಗೆ ಹಾಕುವುದು ಅದಕ್ಕೇ.

ಅಂಗಳದ ಕೆಸರಿನಲ್ಲಿ ಹೆಜ್ಜೆ ಗುರುತಿದೆ, ಮಳೆ ಬರುವ ಹಾಗಿದೆ ಅಂದರೆ ಅಗಲವಾದ ಟಬ್ ಬೋರಲು ಹಾಕಿ, ಅಂಚು ಗುರುತಿಗೆ ತಾಗದಿರಲಿ. ಮುಚ್ಚುವ ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರ ಮೇಲಿಂದ ಒಂದು ಫೋಟೋ ತೆಗೆಯಿರಿ.

ಮಹಜರಿಗೆ, ಅಂದರೆ ಪೊಲೀಸರು ಸ್ಥಳದಲ್ಲಿ ಕಂಡದ್ದನ್ನು, ಸಿಕ್ಕಿದ್ದನ್ನು ಬರೆದುಕೊಳ್ಳುವ ದಾಖಲೆಗೆ, ಸಹಿ ಹಾಕುವ ಮುಂಚೆ ಓದಿ. ಯಾವ ವಸ್ತು ಎಲ್ಲಿ ಸಿಕ್ಕಿತು ಅಂತ ಬರೆದಿದ್ದಾರಾ, ಕವರ್ ಸೀಲ್ ಆಗಿದೆಯಾ ನೋಡಿ. ಆ ಕವರ್ ಬೆಂಗಳೂರು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೋ ಮೈಸೂರಿನಂಥ ಪ್ರಾದೇಶಿಕ ಲ್ಯಾಬಿಗೋ ಹೋಗುವಾಗ ಸೀಲ್ ಒಡೆದಿದ್ದರೆ ಕೋರ್ಟಿನಲ್ಲಿ ಮೊದಲ ಪ್ರಶ್ನೆ ಅದೇ.

ಎಲ್ಲ ಮುಗಿದ ಮೇಲೆ ಬೀರುವಿನ ಕಪ್ಪು ಪುಡಿಯನ್ನು ಮೊದಲು ಒಣಬಟ್ಟೆಯಲ್ಲಿ ತೆಗೆಯಿರಿ. ಒದ್ದೆ ಬಟ್ಟೆ ಹಾಕಿದಿರೋ, ಬೀರುವೆಲ್ಲಾ ಮಸಿ.