ತಗಡಿನ ಡಬ್ಬಿಯಿಂದ ಹುಟ್ಟೂರಿನವರೆಗೆ: ಜರ್ಮನ್ ಮೂಲದ ಹಿರಿಯರನ್ನು ಹಳೆಯ ಪತ್ರ, ಫೋಟೋಗಳಲ್ಲಿ ಹುಡುಕುವ ಬಗೆ

ವಿಸ್ಕಾನ್ಸಿನ್ ರಾಜ್ಯದಲ್ಲಿರುವ ನಮ್ಮ ಬೀಗರ ಮನೆಯಲ್ಲಿ ಒಂದು ತಗಡಿನ ಡಬ್ಬಿ ಇದೆ. ಅದರೊಳಗೆ ನಲವತ್ತರಷ್ಟು ಪತ್ರಗಳು, ದಪ್ಪ ರಟ್ಟಿಗೆ ಅಂಟಿಸಿದ ಫೋಟೋಗಳು, ಕಪ್ಪು ಅಂಚಿನ ಎರಡು ಲಕೋಟೆಗಳು ಇವೆ. ಆ ಬರಹವನ್ನು ಓದಬಲ್ಲವರು ಮನೆಯಲ್ಲಿ ಇಲ್ಲವಾಗಿ ಎರಡು ತಲೆಮಾರು ಕಳೆದಿದ್ದು, ಹಿರಿಯರು ಜರ್ಮನಿಯಿಂದ ಬಂದವರು ಎಂಬುದಷ್ಟೇ ಉಳಿದವರಿಗೆ ತಿಳಿದಿತ್ತು. ಇಂದು ಅಮೆರಿಕದ ಕನ್ನಡ ಕುಟುಂಬಗಳಲ್ಲಿ ಸೊಸೆಯೋ ಅಳಿಯನೋ ಜರ್ಮನ್ ಮೂಲದವರಾಗಿರುವುದು ಅಪರೂಪವಲ್ಲ. ನಮ್ಮ ಮೊಮ್ಮಕ್ಕಳ ವಂಶದ ಅರ್ಧಭಾಗ ಅಂಥ ಡಬ್ಬಿಗಳಲ್ಲಿ ಮುಚ್ಚಿಕೊಂಡಿದೆ. ಅದನ್ನು ತೆರೆದು ಓದಬಯಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ‘ಜರ್ಮನಿ’ ಎಂಬುದು ಈ ಹುಡುಕಾಟದಲ್ಲಿ ಉತ್ತರವೇ ಅಲ್ಲ. 1871ಕ್ಕೆ ಮೊದಲು ಆ ಹೆಸರಿನ ಒಂದೇ ರಾಷ್ಟ್ರವಿರಲಿಲ್ಲ. ಆಗಿನ ಅಮೆರಿಕದ ಜನಗಣತಿಯಲ್ಲಿ ಹುಟ್ಟಿದ ದೇಶವೆಂದು ಪ್ರಷ್ಯಾ, ಬವೇರಿಯಾ, ಬಾಡೆನ್, ವ್ಯುರ್ಟೆಂಬರ್ಗ್ ಎಂದೇ ಬರೆದಿರುವುದು ಕಾಣುತ್ತದೆ. ಜರ್ಮನ್ ಮಾತನಾಡುತ್ತಿದ್ದವರೆಲ್ಲ ಆ ನೆಲದವರೂ ಅಲ್ಲ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಅಲ್ಸಾಸ್, ಆಗ ಹಂಗೇರಿಗೆ ಸೇರಿದ್ದ ಬನಾಟ್ ಪ್ರದೇಶ, 1763ರಲ್ಲಿ ರಾಣಿ ಕ್ಯಾಥರೀನ್ ಹೊರಡಿಸಿದ ಆಹ್ವಾನಕ್ಕೆ ಓಗೊಟ್ಟು ರಷ್ಯಾದ ವೋಲ್ಗಾ ನದಿಯ ದಡಕ್ಕೆ ಹೋಗಿ ನೆಲೆಸಿದವರ ಊರುಗಳು, ಹೀಗೆ ಎಲ್ಲಿಂದಲಾದರೂ ಬಂದಿರಬಹುದು. ಹುಟ್ಟು, ಮದುವೆ, ಸಾವುಗಳ ದಾಖಲೆಗಳನ್ನು ಆಯಾ ಊರಿನ ಚರ್ಚು ಇಟ್ಟುಕೊಂಡಿತ್ತೇ ಹೊರತು ದೇಶಕ್ಕೆಲ್ಲ ಒಂದೇ ಪಟ್ಟಿ ಇರಲಿಲ್ಲ. ಆದ್ದರಿಂದ ನಾವು ಹುಡುಕಬೇಕಾದದ್ದು ಎರಡನ್ನು: ಊರಿನ ಹೆಸರು ಮತ್ತು ಅವರು ಕ್ಯಾಥೊಲಿಕರೋ ಪ್ರೊಟೆಸ್ಟೆಂಟರೋ ಎಂಬುದು. ಇವೆರಡು ತಿಳಿಯುವ ತನಕ ಮನೆತನದ ಹೆಸರೊಂದನ್ನೇ ಹಿಡಿದು ಜರ್ಮನಿಯ ದಾಖಲೆಗಳಲ್ಲಿ ಹುಡುಕುವುದು ಬೆಂಗಳೂರಿನಲ್ಲಿ ‘ಗೌಡರ ಮನೆ ಎಲ್ಲಿ’ ಎಂದು ಕೇಳಿದಂತಾಗುತ್ತದೆ. ಆ ಎರಡೂ ಸಂಗತಿಗಳು ಬಹಳ ಸಲ ಡಬ್ಬಿಯಲ್ಲಿಯೇ ಇರುತ್ತವೆ.

ಓದುವುದಕ್ಕೆ ಮೊದಲು

ಡಬ್ಬಿಯಲ್ಲಿ ಇರುವ ಕ್ರಮವೂ ಒಂದು ಸಾಕ್ಷಿ. ಯಾವ ಪತ್ರ ಯಾವ ಲಕೋಟೆಯಲ್ಲಿತ್ತು, ಯಾವ ಫೋಟೋ ಯಾವ ಪತ್ರದ ಮಡಿಕೆಯಲ್ಲಿತ್ತು ಎಂಬುದನ್ನು ಗುರುತು ಮಾಡಿಕೊಂಡ ನಂತರವೇ ಏನನ್ನಾದರೂ ಬೇರ್ಪಡಿಸಬೇಕು. ಪತ್ರದಲ್ಲಿ ‘ಮನೆಯಿಂದ’ ಎಂದಷ್ಟೇ ಬರೆದಿದ್ದರೂ ಲಕೋಟೆಯ ಮೇಲಿನ ಅಂಚೆ ಮುದ್ರೆ ಊರಿನ ಹೆಸರನ್ನೂ ತಾರೀಖನ್ನೂ ಹೇಳಿಬಿಡುತ್ತದೆ. ಅಂಚೆಚೀಟಿಗಾಗಿ ಲಕೋಟೆಯನ್ನು ಕತ್ತರಿಸಿಟ್ಟುಕೊಂಡ ಮನೆಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ರತಿಯೊಂದು ಹಾಳೆ, ಲಕೋಟೆ ಮತ್ತು ಫೋಟೋವನ್ನು ಮುಂದೆ ಹಿಂದೆ ಎರಡೂ ಕಡೆ 600 ಡಿಪಿಐ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ಸಂಖ್ಯೆ ಕೊಡಿ. ಮೂಲದ ಮೇಲೆ ಪೆನ್ನಿನಿಂದ ಏನನ್ನೂ ಬರೆಯಬಾರದು. ಹರಿದ ಕಡೆ ಅಂಟುಪಟ್ಟಿ ಹಾಕಬಾರದು. ಕಂದಿದ ಕಂದು ಶಾಯಿ ಕಣ್ಣಿಗೆ ನಿಲುಕದಿದ್ದರೆ ಬಣ್ಣದಲ್ಲಿ ಮಾಡಿದ ಸ್ಕ್ಯಾನಿನ ನೀಲಿ ಪದರವನ್ನು ಮಾತ್ರ ಕಂಪ್ಯೂಟರಿನಲ್ಲಿ ಕಪ್ಪುಬಿಳುಪಾಗಿ ತೆರೆದು ನೋಡಿ. ಕಂದು ಬಣ್ಣ ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಮಾಸಿದ ಅಕ್ಷರಗಳು ಅಲ್ಲಿ ಹೆಚ್ಚು ಗಾಢವಾಗಿ ಕಾಣುತ್ತವೆ.

ಬರಹವನ್ನು ಬಿಡಿಸುವುದು

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಮೋಡಿ ಲಿಪಿಯ ಕಾಗದಗಳನ್ನು ಕಂಡವರಿಗೆ ಈ ತೊಡಕು ಕೂಡಲೇ ಅರ್ಥವಾದೀತು. ಭಾಷೆ ಬಲ್ಲವನಿಗೂ ಲಿಪಿ ಬಾರದು. ಇಂದಿನ ಜರ್ಮನರಲ್ಲಿ ಹೆಚ್ಚಿನವರು ತಮ್ಮ ಮುತ್ತಜ್ಜನ ಪತ್ರವನ್ನು ಓದಲಾರರು, ಏಕೆಂದರೆ ಅವು ಕುರೆಂಟ್ ಎಂಬ ಕೂಡುಬರಹದಲ್ಲಿವೆ. ಅದರದೇ ಸರಳ ರೂಪವಾದ ಜ್ಯೂಟರ್ಲೀನ್ ಬರಹ 1915ರಿಂದ ಪ್ರಷ್ಯಾದ ಶಾಲೆಗಳಲ್ಲಿ ಬಳಕೆಗೆ ಬಂದಿತು. 1941ರಲ್ಲಿ ನಾಜಿ ಸರ್ಕಾರ ಈ ಬರಹಗಳನ್ನು ಶಾಲೆಗಳಿಂದ ತೆಗೆದುಹಾಕಿತು. ಮಂಗಳೂರು, ಧಾರವಾಡಗಳಿಂದ ಬಾಸೆಲ್ ಮಿಶನ್ನಿನವರು ಸ್ವಿಟ್ಜರ್ಲೆಂಡಿಗೆ ಕಳುಹಿಸಿದ, ಈಗ ಬಾಸೆಲ್ ನಗರದ ಸಂಗ್ರಹಾಲಯದಲ್ಲಿರುವ ಹತ್ತೊಂಬತ್ತನೆಯ ಶತಮಾನದ ವರದಿ, ಪತ್ರಗಳನ್ನು ಓದುವುದಕ್ಕೂ ಇದೇ ಲಿಪಿ ಬೇಕು. ಆದ್ದರಿಂದ ಇದನ್ನು ಕಲಿತ ಕನ್ನಡಿಗನಿಗೆ ಬೀಗರ ಮನೆಯ ಡಬ್ಬಿಯಾಚೆಗೂ ಕೆಲಸವಿದೆ.

ಕುರೆಂಟ್ ಬರಹದಲ್ಲಿ ‘ಎ’ ಸ್ವರದ ಅಕ್ಷರ ‘ನ್’ ಅಕ್ಷರದಂತೆ ಎರಡು ಚೂಪು ಗೀಟುಗಳಾಗಿ ಕಾಣುತ್ತದೆ. ‘ಉ’ ಅಕ್ಷರವೂ ಹಾಗೆಯೇ ಇರುತ್ತದೆ, ಆದರೆ ಅದರ ತಲೆಯ ಮೇಲೆ ಸಣ್ಣದೊಂದು ಕೊಕ್ಕೆ ಇರುತ್ತದೆ. ‘ಮ್’ ಅಥವಾ ‘ನ್’ ಮೇಲೆ ಅಡ್ಡಗೆರೆ ಎಳೆದಿದ್ದರೆ ಅದನ್ನು ದ್ವಿತ್ವವಾಗಿ ಓದಬೇಕು. ಇವಿಷ್ಟನ್ನು ತಿಳಿದುಕೊಂಡು ಪತ್ರದ ಆರಂಭದಿಂದ ಓದಲು ತೊಡಗಿ, ಏಕೆಂದರೆ ಆರಂಭದಲ್ಲಿ ಏನಿರುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ನಮ್ಮ ಹಿರಿಯರು ಶುರುಮಾಡುತ್ತಿದ್ದಂತೆ ಅವರೂ ‘ಲೀಬೆ ಎಲ್ಟರ್ನ್’, ಅಂದರೆ ಪ್ರೀತಿಯ ತಂದೆತಾಯಿಗಳೇ ಎಂದೋ, ‘ಲೀಬರ್ ಬ್ರೂಡರ್’, ಅಂದರೆ ಪ್ರೀತಿಯ ಅಣ್ಣನೇ ಅಥವಾ ತಮ್ಮನೇ ಎಂದೋ ಕರೆದು, ನಾವೆಲ್ಲ ಆರೋಗ್ಯವಾಗಿದ್ದೇವೆ, ನಿಮ್ಮ ಆರೋಗ್ಯವನ್ನೂ ಹಾರೈಸುತ್ತೇವೆ ಎಂದು ಲೇಖನಿ ಹಿಡಿಯುತ್ತಿದ್ದರು. ಆ ಸಾಲುಗಳಿಂದ ಬರೆದವರ ಒಂದೊಂದು ಅಕ್ಷರದ ಮಾದರಿಯನ್ನೂ ಕಾಗದದ ಮೇಲೆ ಪಟ್ಟಿ ಮಾಡಿಕೊಂಡರೆ ಮುಂದಿನ ಸಾಲುಗಳು ತಾವಾಗಿ ಬಿಚ್ಚಿಕೊಳ್ಳತೊಡಗುತ್ತವೆ. ಅನೇಕರು ಊರು ಮತ್ತು ವ್ಯಕ್ತಿಗಳ ಹೆಸರುಗಳನ್ನು ಮಾತ್ರ ಕುರೆಂಟ್ ಬಿಟ್ಟು ಸಾಮಾನ್ಯ ಲ್ಯಾಟಿನ್ ಅಕ್ಷರಗಳಲ್ಲಿ ಬರೆಯುತ್ತಿದ್ದರು ಎಂಬುದು ನಮ್ಮ ಭಾಗ್ಯ; ಇಡೀ ಹಾಳೆ ಅರ್ಥವಾಗದಿದ್ದರೂ ಅವು ಮೊದಲ ನೋಟಕ್ಕೇ ಎದ್ದು ಕಾಣುತ್ತವೆ.

ತಾರೀಖಿನ ವಿಷಯದಲ್ಲಿ ಎಚ್ಚರ ಬೇಕು. ದಿನ ಮೊದಲು, ತಿಂಗಳು ಆಮೇಲೆ ಬರುತ್ತದೆ. 7ರ ಮುಂದೆ ‘ಬರ್’ ಎಂದಿದ್ದರೆ ಅದು ಏಳನೆಯ ತಿಂಗಳಲ್ಲ, ಲ್ಯಾಟಿನ್ ಭಾಷೆಯ ಏಳು ಎಂಬ ಪದದಿಂದ ಬಂದ ಸೆಪ್ಟೆಂಬರ್; ಹಾಗೆಯೇ 8 ಎಂದರೆ ಅಕ್ಟೋಬರ್, 9 ಎಂದರೆ ನವೆಂಬರ್. ನಾನು ಮೊದಲು ಬಿಡಿಸಿದ ಪತ್ರವನ್ನು ಜುಲೈ ತಿಂಗಳದೆಂದು ಬರೆದಿಟ್ಟುಕೊಂಡು, ಅದರೊಳಗೆ ಆಲೂಗಡ್ಡೆ ಕಿತ್ತು ಮುಗಿಸಿದ ಸುದ್ದಿ ಹೇಗೆ ಬಂದಿತೆಂದು ವಾರಗಟ್ಟಲೆ ಗೊಂದಲದಲ್ಲಿದ್ದೆ. ಹಬ್ಬದ ಹೆಸರಿನಿಂದಲೇ ದಿನವನ್ನು ಸೂಚಿಸುವವರೂ ಇದ್ದರು: ಮಿಶಾಯೆಲಿಸ್ ಎಂದರೆ ಸೆಪ್ಟೆಂಬರ್ 29, ಮಾರ್ಟೀನಿ ಎಂದರೆ ನವೆಂಬರ್ 11.

ಓದುವ ಕೆಲಸಕ್ಕೆ ಈಗ ನೆರವಿದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ರೂಪುಗೊಂಡ ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಕುರೆಂಟ್ ಬರಹದ ಚಿತ್ರವನ್ನು ಅಚ್ಚಕ್ಷರಕ್ಕೆ ಇಳಿಸುತ್ತದೆ. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಪಟ್ಟಣದ ಮೊರೇವಿಯನ್ ಆರ್ಕೈವ್ಸ್ ಈ ಲಿಪಿಯನ್ನು ಕಲಿಸುವ ಶಿಬಿರಗಳನ್ನು ನಡೆಸುತ್ತಾ ಬಂದಿದೆ. ಆದರೂ ಯಂತ್ರ ಕೊಟ್ಟ ಪಾಠದಲ್ಲಿ ಊರಿನ ಹೆಸರನ್ನು ಮಾತ್ರ ಎಂದಿಗೂ ಹಾಗೆಯೇ ನಂಬಬೇಡಿ. ಸಾಮಾನ್ಯ ಪದಗಳನ್ನು ಅದು ಸಂದರ್ಭದಿಂದ ಊಹಿಸಬಲ್ಲದು; ಸಣ್ಣ ಹಳ್ಳಿಯ ಹೆಸರಿಗೆ ಅಂಥ ಆಧಾರವಿರುವುದಿಲ್ಲ.

ಅರ್ಥವಾಗತೊಡಗಿದಾಗ ಬಂಧುತ್ವದ ಪದಗಳನ್ನೆಲ್ಲ ಬೇರೆ ಹಾಳೆಗೆ ಎತ್ತಿಕೊಳ್ಳಿ. ಮಗುವಿನ ದೀಕ್ಷಾಸ್ನಾನಕ್ಕೆ ನಿಂತ ಧರ್ಮಪಿತ, ಧರ್ಮಮಾತೆಯರು ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಒಡಹುಟ್ಟಿದವರೋ ಹತ್ತಿರದ ನೆರೆಯವರೋ ಆಗಿರುತ್ತಿದ್ದರು. ಮುಂದೆ ಚರ್ಚಿನ ಪುಸ್ತಕದಲ್ಲಿ ಅದೇ ಹೆಸರುಗಳು ಕಂಡರೆ ಸರಿಯಾದ ಮನೆಯ ಬಾಗಿಲಲ್ಲಿ ನಿಂತಿದ್ದೇವೆಂದು ತಿಳಿಯಬಹುದು. ಮದುವೆಯ ಕಾಗದದ ಮೂಲೆಗೆ ನಾವು ಅರಿಶಿನ ಹಚ್ಚುವಂತೆ ಸಾವಿನ ಸುದ್ದಿಗೆ ಅವರು ಕಪ್ಪು ಅಂಚಿನ ಕಾಗದ ಬಳಸುತ್ತಿದ್ದರು. ಕಪ್ಪು ಅಂಚಿನದನ್ನೇ ಮೊದಲು ಬಿಡಿಸಿ. ಸತ್ತವರ ಪೂರ್ತಿ ಹೆಸರು, ವಯಸ್ಸು, ದಿನಾಂಕ ಅಲ್ಲಿ ಸಿಗುವ ಸಂಭವ ಹೆಚ್ಚು.

ಫೋಟೋ ಹೇಳುವುದು

ಮೊದಲು ಅಳತೆ ಮಾಡಿ. ಸುಮಾರು 64 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ಸಣ್ಣ ರಟ್ಟು ಕಾರ್ಟ್ ದ ವಿಸಿಟ್ ಎಂಬ ಬಗೆಯದು. 1854ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆಯಲಾಯಿತು ಮತ್ತು ಅಮೆರಿಕದಲ್ಲಿ 1860ರ ದಶಕದಲ್ಲಿ ಇದು ಮನೆಮನೆಗೂ ತಲುಪಿತು. 108ಕ್ಕೆ 165 ಮಿ.ಮೀ. ಇರುವ ದೊಡ್ಡ ಕ್ಯಾಬಿನೆಟ್ ಕಾರ್ಡು 1866ರ ಸುಮಾರಿಗೆ ಬಂದದ್ದು. ಅಯಸ್ಕಾಂತ ಹಿಡಿಯುವ ತೆಳು ಕಬ್ಬಿಣದ ತಗಡಿನ ಮೇಲಿನ ಚಿತ್ರವಾದರೆ ಅದು 1856ರ ನಂತರದ ಟಿನ್‌ಟೈಪ್. ಅಮೆರಿಕದಲ್ಲಿ ತೆಗೆದ ಫೋಟೋದ ಹಿಂಬದಿಯಲ್ಲಿ ತೆರಿಗೆಯ ಚೀಟಿ ಅಂಟಿಸಿದ್ದರೆ ಕಾಲ ಇನ್ನೂ ಖಚಿತವಾಗುತ್ತದೆ, ಏಕೆಂದರೆ ಆ ತೆರಿಗೆ ಇದ್ದದ್ದು 1864ರ ಸೆಪ್ಟೆಂಬರಿನಿಂದ 1866ರ ಆಗಸ್ಟ್ ತನಕ ಮಾತ್ರ.

ಹಿಂಬದಿಯಲ್ಲಿ ಅಚ್ಚಾದ ಸ್ಟುಡಿಯೋದ ಹೆಸರು, ಬೀದಿ, ಊರುಗಳು ಮುಂಬದಿಯ ಮುಖದಷ್ಟೇ ಮುಖ್ಯ. ಬಹುಮಾನದ ಪದಕಗಳ ಚಿತ್ರದೊಂದಿಗೆ ಇಸವಿ ಇದ್ದರೆ ಫೋಟೋ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆದರೆ ಸ್ಟುಡಿಯೋ ಇದ್ದ ಪಟ್ಟಣವನ್ನು ಹುಟ್ಟೂರೆಂದು ಬರೆದುಕೊಳ್ಳುವುದು ನಾನು ಕಂಡ ತಪ್ಪುಗಳಲ್ಲಿ ದೊಡ್ಡದು. ಹಳ್ಳಿಯವರು ಸಂತೆಯ ಪಟ್ಟಣಕ್ಕೆ ನಡೆದುಹೋಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಪಟ್ಟಣ ಹುಟ್ಟೂರನ್ನು ಹುಡುಕಬೇಕಾದ ವೃತ್ತದ ನಡುಬಿಂದು ಅಷ್ಟೆ.

ಉಡುಗೆಯನ್ನು ನಮ್ಮ ರೂಢಿಯಿಂದಲೋ ಇಂದಿನ ಅಮೆರಿಕದ ರೂಢಿಯಿಂದಲೋ ಅಳೆಯಬಾರದು. ಕಪ್ಪು ಬಟ್ಟೆ ತೊಟ್ಟು ಹೂವಿನ ಕಿರೀಟ ಧರಿಸಿದ ಹೆಣ್ಣುಮಗಳು ದುಃಖದಲ್ಲಿಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಹಳ್ಳಿಗಳಲ್ಲಿ ಮದುಮಗಳ ಉಡುಗೆ ಎಷ್ಟೋ ಕಡೆ ಕಪ್ಪೇ ಆಗಿತ್ತು. ಕೈಯಲ್ಲಿ ಸ್ತೋತ್ರಪುಸ್ತಕ ಹಿಡಿದು ಹೊಸ ಬಟ್ಟೆಯಲ್ಲಿ ಒಂಟಿಯಾಗಿ ನಿಂತ ಹುಡುಗ ಹದಿನಾಲ್ಕರ ಆಸುಪಾಸಿನಲ್ಲಿ ನಡೆಯುವ ದೃಢೀಕರಣದ ವಿಧಿಯ ದಿನದವನಿರಬಹುದು. ಹಾಗಿದ್ದರೆ ಹುಟ್ಟಿದ ವರ್ಷವನ್ನು ಲೆಕ್ಕಹಾಕಬಹುದು. ಸೈನಿಕನ ಭುಜಪಟ್ಟಿಯ ಮೇಲಿನ ಅಂಕಿ ಬಹಳ ಸಲ ಅವನ ದಳದ ಸಂಖ್ಯೆ. ಜರ್ಮನಿಯಲ್ಲಿ ಮದುವೆಯ ಉಂಗುರವನ್ನು ಸಾಮಾನ್ಯವಾಗಿ ಬಲಗೈಗೆ ಹಾಕುತ್ತಾರೆ; ಆದರೆ ಟಿನ್‌ಟೈಪ್ ಚಿತ್ರ ಕನ್ನಡಿಯಂತೆ ಎಡಬಲ ತಿರುಗಿರುವುದರಿಂದ ಅದರಲ್ಲಿ ಕೈಗಳನ್ನು ಅದಲುಬದಲು ಮಾಡಿಯೇ ಓದಬೇಕು.

ಹೆಸರುಗಳ ತೊಡಕು

ಎಷ್ಟೋ ದಾಖಲೆಗಳಲ್ಲಿ ಹುಡುಕಿ ನೋಡಿದರೂ ಸಿಗದ ಮುತ್ತಜ್ಜ ಬಹಳ ಸಲ ಬೇರೊಂದು ಹೆಸರಿನಲ್ಲಿ ಕಣ್ಣೆದುರೇ ಇರುತ್ತಾನೆ. ಮ್ಯುಲರ್ ಮಿಲ್ಲರ್ ಆದ, ಶ್ಮಿಟ್ ಸ್ಮಿತ್ ಆದ, ಬಡಗಿ ಎಂಬ ಅರ್ಥದ ತ್ಸಿಮ್ಮರ್‌ಮನ್ ಅನುವಾದಗೊಂಡು ಕಾರ್ಪೆಂಟರ್ ಆದ. ನ್ಯೂಯಾರ್ಕಿನ ಎಲಿಸ್ ದ್ವೀಪದ ಅಧಿಕಾರಿಗಳು ಹೆಸರು ಬದಲಿಸಿದರು ಎಂಬ ಕಥೆ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ, ಆದರೆ ಅಲ್ಲಿನವರು ಹಡಗು ಹೊರಟ ಬಂದರಿನಲ್ಲಿ ತಯಾರಾದ ಪಟ್ಟಿಯನ್ನೇ ಹಿಡಿದು ಪರಿಶೀಲಿಸುತ್ತಿದ್ದರು. ಹೆಸರು ಬದಲಾದದ್ದು ಆಮೇಲೆ, ನೆರೆಯವರ ನಾಲಿಗೆಯಲ್ಲಿ ಮತ್ತು ವಲಸೆ ಬಂದವರದೇ ಇಚ್ಛೆಯಿಂದ. ಮೊದಲ ಮಹಾಯುದ್ಧದ ದಿನಗಳಲ್ಲಿ ಜರ್ಮನ್ ಹೆಸರು ಹೊರಲಾರದ ಭಾರವಾದಾಗ ಇನ್ನಷ್ಟು. ಕೆನಡಾದ ಬರ್ಲಿನ್ ಪಟ್ಟಣವೇ 1916ರಲ್ಲಿ ಕಿಚನರ್ ಎಂದಾಯಿತು.

ನಾಮಕರಣದ ಹೆಸರೊಂದು, ಕರೆಯುವ ಹೆಸರೊಂದು ಎಂಬ ನಮ್ಮ ರೂಢಿ ಅವರಲ್ಲಿಯೂ ಇತ್ತು. ಒಂದೇ ಮನೆಯ ಗಂಡುಮಕ್ಕಳಿಗೆಲ್ಲ ಯೋಹಾನ್ ಎಂಬ ಮೊದಲ ಹೆಸರಿದ್ದು, ಬಳಕೆಯಲ್ಲಿದ್ದುದು ಎರಡನೆಯದು ಆಗಿರಬಹುದು. ಹೆಂಗಸರ ಮನೆತನದ ಹೆಸರಿನ ತುದಿಗೆ ಹಳೆಯ ದಾಖಲೆಗಳಲ್ಲಿ ‘ಇನ್’ ಸೇರುತ್ತದೆ. ಮ್ಯುಲರಿನ್ ಎಂದರೆ ಮ್ಯುಲರ್ ಮನೆಯವಳು. ವೆಸ್ಟ್‌ಫಾಲಿಯಾ ಪ್ರದೇಶದಲ್ಲಿ ಹೆಸರು ಜಮೀನಿಗೆ ಅಂಟಿಕೊಂಡಿತ್ತು, ಮನೆಅಳಿಯನಾಗಿ ಬಂದವನು ಆ ಜಮೀನಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದ. ಮಲೆನಾಡು, ಕರಾವಳಿಗಳ ಮನೆಹೆಸರನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು.

ಕಡಲು ದಾಟುವ ಮುನ್ನ, ದಾಟಿದ ಮೇಲೆ

ಡಬ್ಬಿಯಲ್ಲಿ ಊರಿನ ಹೆಸರು ಸಿಗದಿದ್ದರೆ ಅಥವಾ ಸಿಕ್ಕದ್ದನ್ನು ಖಚಿತಪಡಿಸಬೇಕಾದರೆ ಅಮೆರಿಕದ ಕಾಗದಗಳನ್ನು ಮೊದಲು ಮುಗಿಸಬೇಕು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಫಲ ಕೊಡುವುದು ಅವರು ಸೇರಿದ್ದ ಜರ್ಮನ್ ಭಾಷೆಯ ಚರ್ಚಿನ ಪುಸ್ತಕ, ಏಕೆಂದರೆ ಆ ಪಾದ್ರಿಗೆ ಹಳ್ಳಿಯ ಹೆಸರು ಗೊತ್ತಿತ್ತು, ಅದರ ಕಾಗುಣಿತವೂ ಗೊತ್ತಿತ್ತು. 1900ರ ಜನಗಣತಿಯಲ್ಲಿ ವಲಸೆ ಬಂದ ವರ್ಷವಿದೆ. 1890ರದು ಬೆಂಕಿಗೆ ತುತ್ತಾಗಿ ಬಹುಪಾಲು ಇಲ್ಲವಾಗಿದೆ. ಪೌರತ್ವದ ಅರ್ಜಿ 1906ರ ನಂತರದ್ದಾದರೆ ಹುಟ್ಟಿದ ಊರು ಸಿಗುತ್ತದೆ, ಅದಕ್ಕೆ ಮೊದಲಿನದಾದರೆ ಹೆಚ್ಚಾಗಿ ದೇಶದ ಹೆಸರಷ್ಟೇ.

ಹಡಗಿನ ವಿಷಯದಲ್ಲಿ ಅದೃಷ್ಟದ ಪಾಲೂ ಇದೆ. ಹ್ಯಾಂಬರ್ಗ್ ಬಂದರಿನ 1850ರಿಂದ 1934ರವರೆಗಿನ ಪಟ್ಟಿಗಳು ಉಳಿದಿವೆ ಮತ್ತು ಅವುಗಳಲ್ಲಿ ಹೊರಡುವ ಮುನ್ನ ವಾಸವಿದ್ದ ಊರನ್ನು ಬರೆದಿರುತ್ತಾರೆ. ಬ್ರೆಮೆನ್ ಬಂದರಿನಿಂದ ಹೊರಟವರ ಪಟ್ಟಿಗಳಲ್ಲಿ ಬಹುಭಾಗ ನಾಶವಾಗಿದೆ. ಅಂಥವರಿಗೆ ಡಬ್ಬಿಯ ಪತ್ರಗಳೇ ಗತಿ.

ಊರಿನ ಹೆಸರು ಕೈಗೆ ಬಂದ ಮೇಲೆ ಮೇಯರ್ಸ್ ಸ್ಥಳಕೋಶವನ್ನು ತೆರೆಯಿರಿ. 1912ರ ಆ ಕೋಶ ಅಂದಿನ ಜರ್ಮನ್ ಸಾಮ್ರಾಜ್ಯದ 2 ಲಕ್ಷಕ್ಕೂ ಹೆಚ್ಚು ಊರು, ಕೇರಿಗಳನ್ನು ಪಟ್ಟಿಮಾಡುತ್ತದೆ. ಈಗ ಅಂತರ್ಜಾಲದಲ್ಲಿ ಉಚಿತವಾಗಿದೆ. ನಾಯ್‌ಸ್ಟಾಟ್ ಎಂಬ ಹೆಸರಿನ ಊರುಗಳು ಅದರಲ್ಲಿ ಎಷ್ಟೋ ಇವೆ; ಫೋಟೋ ತೆಗೆಸಿದ ಪಟ್ಟಣ, ಅಂಚೆ ಮುದ್ರೆ, ಪತ್ರದಲ್ಲಿ ಬಂದ ನೆರೆಯ ಹಳ್ಳಿಗಳು ಯಾವ ನಾಯ್‌ಸ್ಟಾಟ್ ಸುತ್ತ ಸೇರುತ್ತವೆ ಎಂದು ನೋಡಬೇಕು. ಬ್ರೆಸ್ಲಾವ್ ಇಂದು ಪೋಲೆಂಡಿನ ವ್ರೊತ್ಸ್ವಾಫ್, ಡಾನ್ಸಿಗ್ ಇಂದು ಗ್ದಾನ್ಸ್ಕ್. ಆ ಕಡೆಯ ದಾಖಲೆಗಳನ್ನು ಪೋಲೆಂಡಿನಲ್ಲಿಯೂ ಹುಡುಕಬೇಕು. ಸ್ವಿಸ್ ಮೂಲದವರಾದರೆ ದಾಖಲೆಯಲ್ಲಿ ಕಾಣುವ ಊರು ಹುಟ್ಟಿದ್ದಲ್ಲ, ಮನೆತನಕ್ಕೆ ಪೌರತ್ವವಿದ್ದ ಊರು ಆಗಿರಬಹುದು.

ಪ್ರೊಟೆಸ್ಟೆಂಟ್ ಚರ್ಚುಗಳ ಪುಸ್ತಕಗಳು ಆರ್ಕಿಯೋನ್ ಎಂಬ ಜಾಲತಾಣದಲ್ಲಿ ಶುಲ್ಕಕ್ಕೆ, ಅನೇಕ ಕ್ಯಾಥೊಲಿಕ್ ಚರ್ಚುಗಳವು ಮಾಟ್ರಿಕುಲಾ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. 1876ರಿಂದ ಇಡೀ ಸಾಮ್ರಾಜ್ಯದಲ್ಲಿ ಸರ್ಕಾರಿ ನೋಂದಣಿಯೂ ಇದೆ. ಒಂದು ವಿಷಯವನ್ನು ಮರೆಯಬಾರದು: ಅಮೆರಿಕದ ಡಬ್ಬಿಯಲ್ಲಿರುವುದು ಊರಿನಿಂದ ಬಂದ ಪತ್ರಗಳು, ಅಂದರೆ ಸಂಭಾಷಣೆಯ ಒಂದು ಕಡೆ ಮಾತ್ರ. ವಲಸೆ ಹೋದವರು ಬರೆದು ಕಳುಹಿಸಿದವು ಜರ್ಮನಿಯ ಮನೆಗಳಲ್ಲಿ ಉಳಿದವು. ಅಂಥವುಗಳ ದೊಡ್ಡ ಸಂಗ್ರಹವೊಂದು ಗೋಥಾ ನಗರದ ಸಂಶೋಧನಾ ಗ್ರಂಥಾಲಯದಲ್ಲಿದೆ. ಅಲ್ಲಿಗೂ, ಹುಟ್ಟೂರಿನ ಸ್ಥಳೀಯ ಇತಿಹಾಸ ಸಂಘಕ್ಕೂ ಜರ್ಮನ್ ಭಾಷೆಯಲ್ಲಿ ಚಿಕ್ಕದಾಗಿ ಬರೆಯಿರಿ: ಹೆಸರು, ಅಂದಾಜು ಹುಟ್ಟಿದ ವರ್ಷ, ಹೊರಟ ವರ್ಷ, ಒಂದು ಫೋಟೋದ ಪ್ರತಿ.

ಚರ್ಚಿನ ಪುಸ್ತಕದಲ್ಲಿ ಹೆಸರು ಕಂಡ ಕೂಡಲೇ ಸಿಕ್ಕಿತೆಂದು ತೀರ್ಮಾನಿಸದೆ, ತಾಯಿಯ ಹೆಸರು, ಒಡಹುಟ್ಟಿದವರು, ಧರ್ಮಪಿತನ ಹೆಸರುಗಳನ್ನು ಡಬ್ಬಿಯ ಪಟ್ಟಿಯೊಂದಿಗೆ ಹೋಲಿಸಿ, ಆ ಮಗು ಚಿಕ್ಕಂದಿನಲ್ಲೇ ತೀರಿಕೊಂಡಿಲ್ಲವೆಂದು ಸಾವಿನ ಪುಟಗಳಲ್ಲಿಯೂ ನೋಡಿಕೊಳ್ಳಿ. ಆಮೇಲೆ ಅದೇ ಸಾಲಿನ ಅಂಚಿನ ಕಡೆಗೆ ಕಣ್ಣು ಹಾಯಿಸಿ. ಊರು ಬಿಟ್ಟುಹೋದವರ ಹೆಸರಿನ ಪಕ್ಕದಲ್ಲಿ ಕೆಲವು ಪಾದ್ರಿಗಳು ‘ನಾಖ್ ಅಮೆರಿಕಾ’, ಅಂದರೆ ಅಮೆರಿಕಕ್ಕೆ, ಎಂದು ಸಣ್ಣ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ.